ಸಂಜೆ ಸಿಡುಕು, ನಡುರಾತ್ರಿ ಗಾಬರಿ: ಮೊದಲು ಯಾವುದಕ್ಕೆ ಮದ್ದು?

ಪ್ರಶ್ನೆ: ನನಗೆ 42 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ. ಸುಮಾರು ಒಂದು ವರ್ಷದಿಂದ ಸಂಜೆ ಮನೆಗೆ ಕಾಲಿಟ್ಟ ಕೂಡಲೇ ಸಣ್ಣದಕ್ಕೂ ಸಿಟ್ಟು ನೆತ್ತಿಗೇರುತ್ತದೆ. ಎಂಟನೇ ತರಗತಿ ಓದುವ ಮಗ ಮೊಬೈಲು ಹಿಡಿದು ಕೂತಿದ್ದರೆ, ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಸಾಕು. ಕಳೆದ ತಿಂಗಳು ಅವನಿಗೆ ಹೊಡೆದುಬಿಟ್ಟೆ. ರಾತ್ರಿ ಮೂರರ ಹೊತ್ತಿಗೆ ಎಚ್ಚರವಾಗಿ ಎದೆ ಡವಡವ, ಬೆವರು. ಮನೆ ಸಾಲ, ತಂದೆಯ ಆರೋಗ್ಯ, ನನಗೇ ಏನಾದರೂ ಆದರೆ ಎಂಬ ಯೋಚನೆ. ಹೃದಯಕ್ಕೆಂದು ಎರಡು ಸಲ ಇಸಿಜಿ, ಒಮ್ಮೆ ಎಕೋ ಮಾಡಿಸಿದೆ, ಏನೂ ಇಲ್ಲ ಎಂದರು. ಗಾಬರಿ ತಗ್ಗಿ ನಿದ್ರೆ ಬರಲೆಂದು ಔಷಧಿ ಅಂಗಡಿಯಲ್ಲಿ ಕೊಟ್ಟ ಆಲ್‌ಪ್ರಜೋಲಾಮ್ 0.25 ಮಿ.ಗ್ರಾಂ. ಮಾತ್ರೆಯನ್ನು ಎರಡು ತಿಂಗಳಿಂದ ರಾತ್ರಿ ನುಂಗುತ್ತಿದ್ದೇನೆ. ದಿನಕ್ಕೆ ಐದಾರು ಕಾಫಿ, ವಾರದಲ್ಲಿ ಎರಡು ರಾತ್ರಿ ಕುಡಿತ. ಧ್ಯಾನಕ್ಕೆ ಕೂತರೆ ಗಾಬರಿ ಇನ್ನೂ ಹೆಚ್ಚಾಗುತ್ತದೆ. ನನಗೆ ಚಿಕಿತ್ಸೆ ಬೇಕಾಗಿರುವುದು ಸಿಟ್ಟಿಗೋ, ಆತಂಕಕ್ಕೋ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ: ಆತಂಕಕ್ಕೆ. ನೀವು ಬರೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಸಂಜೆಯ ಸಿಡುಕು ಬೆಳಗಿನಿಂದ ಮೈಯಲ್ಲಿ ಏರುತ್ತಲೇ ಬಂದ ಆತಂಕದ ತುದಿಯಂತೆ ಕಾಣುತ್ತದೆ. ಪತ್ರ ಓದಿ ರೋಗನಿರ್ಣಯ ಮಾಡಲಾಗದು, ಅದಕ್ಕೆ ವೈದ್ಯರು ಎದುರಿಗೆ ಕೂರಿಸಿ ಮಾತಾಡಿಸಬೇಕು. ಆದರೆ ಎಲ್ಲಿಂದ ಶುರುಮಾಡಬೇಕು ಎನ್ನಲು ಇಷ್ಟು ಸಾಕು.

ಸಿಟ್ಟು ಮತ್ತು ಗಾಬರಿ ಎರಡಕ್ಕೂ ದೇಹದಲ್ಲಿ ಬಹುಪಾಲು ಒಂದೇ ವ್ಯವಸ್ಥೆ. ಅಪಾಯ ಇದೆ ಎಂದು ಮೆದುಳಿಗೆ ಅನ್ನಿಸಿದರೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ದವಡೆ ಹೆಗಲು ಬಿಗಿಯಾಗುತ್ತವೆ. ಓಡಿಹೋಗಲು ಸಿದ್ಧವಾದ ಮೈ ಮತ್ತು ಹೊಡೆದಾಡಲು ಸಿದ್ಧವಾದ ಮೈ ಹೊರಗಿನಿಂದ ಬೇರೆಯಾಗಿ ಕಂಡರೂ ಒಳಗಿನ ತಯಾರಿಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಸಾಮಾನ್ಯೀಕೃತ ಆತಂಕ ಕಾಯಿಲೆಗೆ (ಯಾವುದೋ ಒಂದಕ್ಕಲ್ಲ, ಹಲವು ವಿಷಯಕ್ಕೆ ಸದಾ ಚಿಂತೆ ಕಾಡುವ ಸ್ಥಿತಿ) ವೈದ್ಯರು ನೋಡುವ ಆರು ಲಕ್ಷಣಗಳು ಚಡಪಡಿಕೆ, ಬೇಗ ಸುಸ್ತಾಗುವುದು, ಗಮನ ನಿಲ್ಲದಿರುವುದು, ಸ್ನಾಯು ಬಿಗಿತ, ನಿದ್ರೆಯ ತೊಂದರೆ ಮತ್ತು ಸಿಡುಕು. ಹತೋಟಿಗೆ ಸಿಗದ ಚಿಂತೆ ಆರು ತಿಂಗಳು ಹೆಚ್ಚುಕಡಿಮೆ ದಿನವೂ ಇದ್ದು, ಜೊತೆಗೆ ಇವುಗಳಲ್ಲಿ ಮೂರಾದರೂ ಇದ್ದು, ಕೆಲಸಕ್ಕೋ ಮನೆಯ ಬದುಕಿಗೋ ಅಡ್ಡಿಯಾಗುತ್ತಿದ್ದರೆ ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಪರಿಗಣಿಸುತ್ತಾರೆ. ಸಿಡುಕು ಆ ಪಟ್ಟಿಯಲ್ಲಿದೆ ಎಂಬುದು ಬಹಳ ಮಂದಿಗೆ, ಅದರಲ್ಲೂ ಗಂಡಸರಿಗೆ, ಗೊತ್ತೇ ಇರುವುದಿಲ್ಲ. 'ನನಗೆ ಭಯ' ಎನ್ನುವುದಕ್ಕಿಂತ 'ನನಗೆ ಸಿಟ್ಟು ಜಾಸ್ತಿ' ಎನ್ನುವುದು ನಮ್ಮಲ್ಲಿ ಸುಲಭ.

ಇನ್ನು, ಕೌಂಟರಿನಲ್ಲಿ ಗ್ರಾಹಕರ ಮೇಲೆ ರೇಗುವಂತಿಲ್ಲ, ಮ್ಯಾನೇಜರ್ ಮೇಲಂತೂ ಆಗುವುದೇ ಇಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಇದನ್ನೇ ಹೇಳುತ್ತದೆ. ನಿಮ್ಮ ಮನೆಯಲ್ಲಿ ಆ ಕೊತ್ತಿಯ ಜಾಗದಲ್ಲಿ ನಿಂತಿರುವವನು ನಿಮ್ಮ ಮಗ.

ಮನಸ್ಸಿನ ಮಾತಿಗೆ ಹೋಗುವ ಮುಂಚೆ ಮೈಯ ಕೆಲವು ಲೆಕ್ಕ ಮುಗಿಸಿಕೊಳ್ಳಿ. ಇಸಿಜಿ, ಎಕೋ ಆಗಿವೆ, ಅವುಗಳನ್ನು ಸದ್ಯಕ್ಕೆ ಮತ್ತೆ ಮಾಡಿಸಬೇಡಿ. ಥೈರಾಯ್ಡ್ ಆಗಿದೆಯೇ? ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ಬೆವರು, ಕೈನಡುಕ, ಸಿಡುಕು, ನಿದ್ರೆಗೇಡು ಎಲ್ಲವೂ ಬರುತ್ತವೆ, ಥೇಟ್ ಆತಂಕದಂತೆಯೇ ಕಾಣುತ್ತದೆ. ಟಿಎಸ್‌ಎಚ್, (ಥೈರಾಯ್ಡಿನ ರಕ್ತಪರೀಕ್ಷೆ), ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ಒಮ್ಮೆ ನೋಡಿಸಿ, ಅಷ್ಟು ಸಾಕು. ಆಸ್ತಮಾಕ್ಕೆ ಸಾಲ್ಬುಟಮಾಲ್ ತೆಗೆದುಕೊಳ್ಳುವವರಿಗೂ, ಮೂಗುಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆ ನುಂಗಿದವರಿಗೂ ಎದೆ ಹೊಡೆದುಕೊಳ್ಳಬಹುದು. ಅಂಥದ್ದೇನಾದರೂ ಇದ್ದರೆ ವೈದ್ಯರಿಗೆ ಹೇಳಿ.

ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಬಿದ್ದದ್ದು ಸಾಲವೂ ಅಲ್ಲ, ಮಗನ ಮೊಬೈಲೂ ಅಲ್ಲ. ಕಾಫಿ, ಕುಡಿತ, ಮಾತ್ರೆ ಈ ಮೂರು.

ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಐದೂವರೆಗೆ ಕುಡಿದ ಗಟ್ಟಿ ಫಿಲ್ಟರ್ ಕಾಫಿಯ ಅರ್ಧದಷ್ಟು ರಾತ್ರಿ ಹತ್ತೂವರೆಗೆ ಇನ್ನೂ ಒಳಗೇ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ. ಮಿತಿ ಎಂದು ಹೇಳುವುದುಂಟು, ಆದರೆ ಆತಂಕ ಇರುವವರಿಗೆ ಅದರ ಅರ್ಧವೂ ಹೆಚ್ಚಾಗಬಹುದು. ನಾಳೆಯಿಂದಲೇ ಪೂರ್ತಿ ಬಿಡುತ್ತೇನೆ ಎಂದು ಹೊರಡಬೇಡಿ. ಒಂದು ದಿನದೊಳಗೆ ತಲೆನೋವು, ಮಂಕು, ಇನ್ನಷ್ಟು ಸಿಡುಕು ಶುರುವಾಗಿ, ಮೂರನೇ ದಿನ ಮತ್ತೆ ಲೋಟ ಹಿಡಿಯುತ್ತೀರಿ. ಮೂರು ನಾಲ್ಕು ದಿನಕ್ಕೊಂದರಂತೆ ಕಡಿಮೆ ಮಾಡಿ, ಸಂಜೆಯದ್ದರಿಂದ ಶುರುಮಾಡಿ. ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ಅಲ್ಲಿಗೆ ನಿಲ್ಲಿಸಿ. ಕೌಂಟರಿಗೆ ಬರುವ ಲೋಟವನ್ನು ಬೇಡವೆನ್ನಲು ಸಂಕೋಚವಾದರೆ ಅರ್ಧ ಲೋಟ ಹಾಲು ಹೇಳಿ. ಚಹಾಕ್ಕೆ ಬದಲಾಯಿಸಿದರೆ ಕೆಫೀನ್ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ತಲೆನೋವಿಗೆ ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಪಟ್ಟಿಯ ಹಿಂಬದಿ ಓದಿ ನೋಡಿ.

ಮದ್ಯ ಮೊದಲ ಎರಡು ಮೂರು ತಾಸು ನಿದ್ರೆ ಬರಿಸುತ್ತದೆ. ಆಮೇಲೆ ಅದು ರಕ್ತದಿಂದ ಇಳಿಯುತ್ತಾ ಬಂದಂತೆ ಮೈ ಎದುರು ದಿಕ್ಕಿಗೆ ಜಿಗಿಯುತ್ತದೆ: ಎದೆಬಡಿತ, ಬೆವರು, ಎಚ್ಚರ. ರಾತ್ರಿ ಹತ್ತಕ್ಕೆ ಕುಡಿದು ಮಲಗಿದವರು ಮೂರಕ್ಕೆ ಗಾಬರಿಯಿಂದ ಏಳುವುದರಲ್ಲಿ ಆಶ್ಚರ್ಯವಿಲ್ಲ. ಆಲ್‌ಪ್ರಜೋಲಾಮ್ ಕೂಡ ಹೆಚ್ಚು ಹೊತ್ತು ನಿಲ್ಲುವ ಮಾತ್ರೆಯಲ್ಲ. ಅದರ ಪ್ರಭಾವ ಇಳಿಯುವಾಗ ಆತಂಕ ಮರುಕಳಿಸುತ್ತದೆ, ಕೆಲವು ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗಿ ಅದೇ ಪ್ರಮಾಣ ಸಾಲದಾಗುತ್ತದೆ. ಎರಡನ್ನೂ ಒಂದೇ ರಾತ್ರಿ ಸೇರಿಸಿದರೆ ಉಸಿರಾಟವೇ ಮಂದವಾಗುವ ಅಪಾಯವಿದೆ. ಇವತ್ತಿನಿಂದ ಮಾತ್ರೆ ಇರುವ ರಾತ್ರಿ ಕುಡಿತ ಬೇಡ, ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ಮಾತ್ರೆಯನ್ನು ನೀವೇ ದಿಢೀರನೆ ನಿಲ್ಲಿಸಲೂಬಾರದು. ಎರಡು ತಿಂಗಳು ದಿನವೂ ತೆಗೆದುಕೊಂಡವರು ಹಾಗೆ ಬಿಟ್ಟರೆ ನಿದ್ರೆ ಪೂರ್ತಿ ಕೆಡುತ್ತದೆ, ಗಾಬರಿ ದುಪ್ಪಟ್ಟಾಗುತ್ತದೆ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು, ಆ ಲೆಕ್ಕವನ್ನು ವೈದ್ಯರು ಹಾಕಿಕೊಡಬೇಕು. ಇದು ಚೀಟಿ ಇಲ್ಲದೆ ಮಾರಬಾರದ ಮಾತ್ರೆ. ಅಂಗಡಿಯವರು ಉಪಕಾರ ಮಾಡಿದರು ಎಂದು ತಿಳಿಯಬೇಡಿ.

ಈಗ ಸಿಟ್ಟಿನ ವಿಷಯ. ಒಂದು ವಾರ ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿಡಿ. ಸಿಟ್ಟು ಬಂದಾಗಲೆಲ್ಲ, ಇಳಿದ ಮೇಲೆ, ನಾಲ್ಕು ಸಾಲು: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚಿನ ಒಂದು ತಾಸು ಏನು ನಡೆಯಿತು, ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಷ್ಟಿತ್ತು. ಸಾಮಾನ್ಯವಾಗಿ ಜನ ಇಲ್ಲಿ ಮಾಡುವ ತಪ್ಪು, 'ಮಗ ಮಾತು ಕೇಳಲಿಲ್ಲ' ಎಂದು ಬರೆದು ಮುಗಿಸುವುದು. ಅದು ಕೊನೆಯ ಕಡ್ಡಿ ಮಾತ್ರ. ಮಧ್ಯಾಹ್ನ ಊಟ ಮಾಡಿದ್ದು ಎಷ್ಟಕ್ಕೆ, ಲೆಕ್ಕ ತಾಳೆಯಾಯಿತೇ, ದಾರಿಯಲ್ಲಿ ಯಾರ ಫೋನ್ ಬಂತು ಎಂಬುದೆಲ್ಲ ಬರಲಿ. ವಾರದ ಕೊನೆಗೆ ಹಾಳೆ ತಿರುವಿದರೆ ಒಂದು ಮಾದರಿ ಕಾಣತೊಡಗುತ್ತದೆ. ಒಂದೂವರೆಗೆ ಊಟ ಮಾಡಿ ಸಂಜೆ ಏಳರವರೆಗೆ ಬರೀ ಕಾಫಿಯಲ್ಲಿ ಇರುವವರಲ್ಲಿ ಅರ್ಧ ಸಿಟ್ಟು ಹಸಿವೇ ಆಗಿರುತ್ತದೆ. ಐದೂವರೆಗೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ತಿಂದು ನೋಡಿ. ಇಷ್ಟು ಸಣ್ಣ ಸಲಹೆಗೆ ಪತ್ರ ಬರೆಯಬೇಕಿತ್ತೇ ಅನ್ನಿಸಬಹುದು, ಮಾಡಿ ನೋಡಿದ ಮೇಲೆ ಹಾಗನ್ನಿಸುವುದಿಲ್ಲ.

ಆ ಅಂಕೆಗಳನ್ನು ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ನಾಲ್ಕೋ ಐದೋ ಇರುವಾಗ ನಿಮ್ಮ ಮಾತು ನಿಮ್ಮ ಹತೋಟಿಯಲ್ಲಿರುತ್ತದೆ. ಎಂಟಕ್ಕೆ ಏರಿದ ಮೇಲೆ ಯಾವ ಉಪಾಯವೂ ನೆನಪಿಗೆ ಬರುವುದಿಲ್ಲ, ನೆನಪಾದರೂ ಮಾಡಲು ಮನಸ್ಸಾಗುವುದಿಲ್ಲ. ಹಾಗಾಗಿ ನೀವು ಗುರುತಿಸಬೇಕಾದದ್ದು ನಾಲ್ಕರ ಗುರುತು: ಕೆಲವರಿಗೆ ದವಡೆ ಕಚ್ಚಿಕೊಳ್ಳುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರ ದನಿ ತಮಗೇ ತಿಳಿಯದಂತೆ ಏರಿರುತ್ತದೆ. ನಿಮ್ಮದು ಯಾವುದೆಂದು ನಿಮಗಿಂತ ಮೊದಲು ಹೆಂಡತಿಗೆ ಗೊತ್ತಿರುತ್ತದೆ, ಕೇಳಿ ನೋಡಿ.

ಆ ಗುರುತು ಕಂಡ ಕೂಡಲೇ ಜಾಗ ಬಿಡಬೇಕು. ಇದಕ್ಕೂ ಕ್ರಮವಿದೆ, ಕ್ರಮ ತಪ್ಪಿದರೆ ಜಗಳ ಹೆಚ್ಚಾಗುತ್ತದೆ. ಎಲ್ಲರೂ ಸಮಾಧಾನವಾಗಿರುವ ಒಂದು ಭಾನುವಾರ ಮನೆಯವರನ್ನು ಕೂರಿಸಿಕೊಂಡು ಮೊದಲೇ ಹೇಳಿ: 'ನನಗೆ ಸಿಟ್ಟು ಏರುತ್ತಿದೆ ಅಂತ ಗೊತ್ತಾದರೆ ಅರ್ಧ ಗಂಟೆ ಹೊರಗೆ ಹೋಗಿ ಬರುತ್ತೇನೆ. ಆಗ ಯಾರೂ ಹಿಂದೆ ಬರಬೇಡಿ, ಬಂದಮೇಲೆ ಮಾತಾಡೋಣ.' ಹೊತ್ತು ಬಂದಾಗ ಇಷ್ಟೇ ಮಾತು: 'ಅರ್ಧ ಗಂಟೆ ಬಿಟ್ಟು ಬರ್ತೀನಿ.' ಬಾಗಿಲು ಧಡಾರನೆ ಹಾಕುವುದು, ಹೋಗುವಾಗ ಕೊನೆಯದೊಂದು ಮಾತು ಎಸೆಯುವುದು ಬೇಡ. ಬೈಕ್ ಮುಟ್ಟಬೇಡಿ, ನಡೆದೇ ಹೋಗಿ. ಅರ್ಧ ಗಂಟೆ ಯಾಕೆಂದರೆ ಏರಿದ ಅಡ್ರಿನಲಿನ್ನಿನ ಪರಿಣಾಮ ಮೈಯಲ್ಲಿ ತಣಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಆದರೆ ನಡೆಯುತ್ತಾ ಮನಸ್ಸಿನಲ್ಲೇ 'ಅವನು ಹಾಗಂದರೆ ನಾನು ಹೀಗನ್ನುತ್ತೇನೆ' ಎಂದು ವಾದ ಹೂಡುತ್ತಿದ್ದರೆ ಎರಡು ಗಂಟೆಯಾದರೂ ತಣಿಯುವುದಿಲ್ಲ. ದಾರಿಯ ಮನೆಗಳ ಗೇಟಿನ ಬಣ್ಣ ಎಣಿಸಿ, ಅಂಗಡಿ ಬೋರ್ಡುಗಳನ್ನು ಹಿಂದುಮುಂದಾಗಿ ಓದಿ, ಏನಾದರೂ ಆದೀತು. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಬಾರದೆ ಹೋದರೆ ಮನೆಯವರ ಪಾಲಿಗೆ ಅದು ಮುನಿಸಿಕೊಂಡು ಹೋದದ್ದೇ ಆಗುತ್ತದೆ, ಮುಂದಿನ ಸಲ ಯಾರೂ ಬಿಡುವುದಿಲ್ಲ.

ಸಿಟ್ಟನ್ನು ಒಳಗಿಟ್ಟುಕೊಳ್ಳಬಾರದು, ದಿಂಬಿಗೆ ಗುದ್ದಿ, ಕೂಗಿ ಹೊರಹಾಕಬೇಕು ಎಂದು ಯಾರಾದರೂ ಹೇಳಿದ್ದರೆ ಅದನ್ನು ಬಿಟ್ಟುಬಿಡಿ. ಮನಸ್ಸು ಪ್ರೆಶರ್ ಕುಕ್ಕರ್ ಅಲ್ಲ, ಸೀಟಿ ಹೊಡೆದರೆ ಒತ್ತಡ ಇಳಿಯುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆದು ಗುದ್ದುಚೀಲಕ್ಕೆ ಗುದ್ದಿದವರು ಸುಮ್ಮನೆ ಕೂತವರಿಗಿಂತ ಹೆಚ್ಚು ಸಿಟ್ಟಾಗಿದ್ದರು. 2024ರಲ್ಲಿ ಅವರೂ ಸಹೋದ್ಯೋಗಿಯೂ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮೈಯ ಉದ್ರೇಕ ಇಳಿಸುವ ಉಸಿರಾಟ, ಸ್ನಾಯು ಸಡಿಲಿಕೆ, ಧ್ಯಾನ, ಯೋಗ ಸಿಟ್ಟನ್ನು ತಗ್ಗಿಸಿದವು. ಉದ್ರೇಕ ಏರಿಸುವ ಕೆಲಸಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ, ಓಟವಂತೂ ಸಿಟ್ಟನ್ನು ಹೆಚ್ಚಿಸುವ ಕಡೆಗೇ ವಾಲಿತು. ಇದನ್ನು ಓದಿ ವ್ಯಾಯಾಮ ಬಿಡಬೇಡಿ. ಬೆಳಿಗ್ಗೆ ಮೂವತ್ತು ನಿಮಿಷ ಬಿರುಸಾಗಿ ನಡೆಯುವುದು, ವಾರಕ್ಕೆ ಐದು ದಿನ, ಆತಂಕಕ್ಕೆ ಒಳ್ಳೆಯ ಮದ್ದು. ಸಿಟ್ಟು ಏರಿರುವ ಆ ಹೊತ್ತಿನಲ್ಲಿ ಮಾತ್ರ ಬಿರುಸು ಬೇಡ, ನಿಧಾನ ನಡಿಗೆ ಸಾಕು.

ಮಗನಿಗೆ ಹೊಡೆದ ವಿಷಯ. ಇದನ್ನು ಸಿಟ್ಟಿನ ಲೆಕ್ಕಕ್ಕೆ ಸೇರಿಸಿ ಮುಚ್ಚಬೇಡಿ. ಸಿಟ್ಟು ಬರುವುದು ನಿಮ್ಮ ಕೈಯಲ್ಲಿಲ್ಲ, ಕೈ ಎತ್ತುವುದು ನಿಮ್ಮ ಕೈಯಲ್ಲೇ ಇದೆ. ಮ್ಯಾನೇಜರ್ ಎದುರು ನೀವು ಒಮ್ಮೆಯೂ ಕೈ ಎತ್ತಿರಲಾರಿರಿ ಎಂಬುದೇ ಅದಕ್ಕೆ ಸಾಕ್ಷಿ. ಅವನ ಬಳಿ ಹೋಗಿ, 'ಅವತ್ತು ನಿನಗೆ ಹೊಡೆದದ್ದು ನನ್ನ ತಪ್ಪು, ಇನ್ನು ಹಾಗೆ ಮಾಡುವುದಿಲ್ಲ' ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ. 'ಆದರೆ ನೀನೂ ಮೊಬೈಲು...' ಎಂದು ಮುಂದುವರಿಸಿದರೆ ಹೇಳಿದ್ದೆಲ್ಲ ವ್ಯರ್ಥ. ಮೊಬೈಲಿನ ಮಾತು ಬೇರೆ ದಿನಕ್ಕಿರಲಿ: ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಎಂದು ಅವನನ್ನೂ ಕೇಳಿ ನಿಗದಿ ಮಾಡಿ. ಸಂಜೆ ನೀವು ಒಳಗೆ ಕಾಲಿಟ್ಟ ಮೊದಲ ಅರ್ಧ ಗಂಟೆಯಲ್ಲಿ ಯಾರಿಗೂ ಯಾವ ಬುದ್ಧಿವಾದವೂ ಬೇಡ. ಕೈಕಾಲು ತೊಳೆದು ಬಟ್ಟೆ ಬದಲಿಸಿ, ಏನಾದರೂ ತಿಂದ ಮೇಲೆ ಚಪ್ಪಲಿಯ ವಿಚಾರ ಬರಲಿ. ಮತ್ತೊಮ್ಮೆ ಕೈ ಎತ್ತಿದಿರಿ ಎಂದಾದರೆ ಈ ಪತ್ರದ ಸಲಹೆಗಳನ್ನು ಬದಿಗಿಟ್ಟು ಅದೇ ವಾರ ಆಪ್ತಸಮಾಲೋಚಕರನ್ನು ಕಾಣಬೇಕು.

ಉಸಿರಾಟದ ಅಭ್ಯಾಸವನ್ನು ಎಲ್ಲರೂ ಹೇಳುತ್ತಾರೆ, ಬಹಳ ಮಂದಿ ತಪ್ಪಾಗಿ ಮಾಡುತ್ತಾರೆ. 'ದೀರ್ಘವಾಗಿ ಉಸಿರೆಳೆದುಕೊಳ್ಳಿ' ಎಂದ ಕೂಡಲೇ ಎದೆಯುಬ್ಬಿಸಿ ಜೋರಾಗಿ ಹತ್ತು ಸಲ ಎಳೆದು ಬಿಡುತ್ತಾರೆ. ಇದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ, ತಲೆ ತಿರುಗುತ್ತದೆ, ಬೆರಳು ತುಟಿ ಜುಮುಜುಮು ಎನ್ನುತ್ತವೆ, ಎದೆ ಹಿಡಿದಂತಾಗುತ್ತದೆ. ಹೃದಯಕ್ಕೇ ಏನೋ ಆಯಿತೆಂದು ಗಾಬರಿ ಇನ್ನೊಂದು ಸುತ್ತು ಏರುತ್ತದೆ. ಸರಿಯಾದ ಕ್ರಮದಲ್ಲಿ ಉಸಿರು ನಿಧಾನವಾಗಿರಬೇಕು, ದೊಡ್ಡದಾಗಿರಬೇಕಿಲ್ಲ. ಬೆನ್ನು ಒರಗಿಸಿ ಕೂತು ಒಂದು ಕೈ ಹೊಕ್ಕುಳ ಮೇಲೆ ಇಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು, ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲ್ಲಗೆ ಒಳಕ್ಕೆ. ಹೊಟ್ಟೆಯ ಮೇಲಿನ ಕೈ ಏಳಬೇಕು, ಹೆಗಲು ಏಳಬಾರದು. ತಡೆಹಿಡಿಯದೆ ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ನಿಮಿಷಕ್ಕೆ ಆರು ಉಸಿರಾಯಿತು. ಐದು ನಿಮಿಷ, ದಿನಕ್ಕೆ ಎರಡು ಸಲ. ನಾಲ್ಕು ಆರು ಕಷ್ಟವಾದರೆ ಮೂರು ಐದರಿಂದ ಶುರುಮಾಡಿ, ತಲೆ ಹಗುರವಾದಂತೆ ಅನ್ನಿಸಿದರೆ ಉಸಿರು ದೊಡ್ಡದಾಗಿದೆ ಎಂದರ್ಥ.

ಇದನ್ನು ಎರಡು ವಾರ ಸಮಾಧಾನದ ಹೊತ್ತಿನಲ್ಲೇ ಮಾಡಬೇಕು. ಗಾಬರಿ ಬಂದ ದಿನ ಮೊದಲ ಸಲ ಮಾಡಿ, ಕೆಲಸ ಮಾಡಲಿಲ್ಲ ಎಂದು ಕೈಬಿಟ್ಟವರೇ ಹೆಚ್ಚು. ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಪ್ರಾಣಾಯಾಮಗಳು ಮೈಯನ್ನು ಚುರುಕುಗೊಳಿಸುವಂಥವು, ಆತಂಕದ ಹೊತ್ತಿಗೆ ಅವು ಬೇಡ. ಭ್ರಾಮರಿ ಆಗಬಹುದು, ಗುಂಯ್‌ಗುಟ್ಟುವಾಗ ಹೊರಹೋಗುವ ಉಸಿರು ತಾನಾಗಿ ಉದ್ದವಾಗುತ್ತದೆ. ಮೂತಿಗೆ ಕಾಗದದ ಚೀಲ ಹಿಡಿದು ಉಸಿರಾಡುವ ಹಳೆಯ ಉಪಾಯವನ್ನು ಈಗ ಸಲಹೆ ಮಾಡುವುದಿಲ್ಲ. ತೊಂದರೆ ನಿಜವಾಗಿ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅದು ಅಪಾಯ.

ಧ್ಯಾನಕ್ಕೆ ಕೂತರೆ ಗಾಬರಿ ಹೆಚ್ಚುತ್ತದೆ ಎಂದಿರಿ. ನಿಮ್ಮೊಬ್ಬರಿಗೇ ಹೀಗಾಗುವುದಲ್ಲ. ಸದಾ ಎದೆಬಡಿತದ ಮೇಲೆ ಕಿವಿಯಿಟ್ಟಿರುವವರು ಕಣ್ಣು ಮುಚ್ಚಿದರೆ ಆ ಬಡಿತ ಇನ್ನೂ ಜೋರಾಗಿ ಕೇಳುತ್ತದೆ. ಸದ್ಯಕ್ಕೆ ಕಣ್ಣು ಮುಚ್ಚುವ ಅಭ್ಯಾಸ ಬಿಡಿ. ಬದಲಿಗೆ ಸ್ನಾಯು ಸಡಿಲಿಕೆ ಮಾಡಿ, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ನೂರು ವರ್ಷದ ಹಿಂದೆ ರೂಪಿಸಿದ ಕ್ರಮ. ಮುಷ್ಟಿಯನ್ನು ಐದು ಸೆಕೆಂಡು ಬಿಗಿಹಿಡಿದು, ಒಮ್ಮೆಲೇ ಬಿಟ್ಟು, ಇಪ್ಪತ್ತು ಸೆಕೆಂಡು ಆ ಸಡಿಲವನ್ನೇ ಗಮನಿಸಿ. ಹಾಗೆಯೇ ತೋಳು, ಹೆಗಲು, ಹಣೆ, ದವಡೆ, ಹೊಟ್ಟೆ, ತೊಡೆ, ಮೀನಖಂಡ. ಪೂರ್ಣ ಬಲ ಬೇಡ, ಮುಕ್ಕಾಲು ಸಾಕು. ಮೀನಖಂಡವನ್ನು ಅತಿಯಾಗಿ ಬಿಗಿದರೆ ಸೆಟೆದುಕೊಂಡು ನೋಯುತ್ತದೆ. ಒಟ್ಟು ಹದಿನೈದು ನಿಮಿಷ. ರೂಢಿಯಾದ ಮೇಲೆ ಕೌಂಟರಿನಲ್ಲಿ ಒಬ್ಬ ಗ್ರಾಹಕ ಹೋಗಿ ಇನ್ನೊಬ್ಬ ಬರುವ ನಡುವೆ ಹೆಗಲು ದವಡೆಗಳನ್ನಷ್ಟೇ ಬಿಗಿದು ಬಿಡಬಹುದು, ಯಾರಿಗೂ ತಿಳಿಯುವುದಿಲ್ಲ.

ರಾತ್ರಿ ಮೂರಕ್ಕೆ ಬರೋಣ. ಎಚ್ಚರವಾದಾಗ ಗಡಿಯಾರ ನೋಡಬೇಡಿ, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿಡಿ. 'ಇನ್ನು ಮೂರೇ ಗಂಟೆ ಉಳಿದಿದೆ' ಎಂಬ ಲೆಕ್ಕವೇ ನಿದ್ರೆಯನ್ನು ಓಡಿಸುತ್ತದೆ. ಅಂದಾಜು ಇಪ್ಪತ್ತು ನಿಮಿಷ ಹೊರಳಾಡಿದಿರಿ ಅನ್ನಿಸಿದರೆ ಎದ್ದು ಬನ್ನಿ. ಮಂದ ಬೆಳಕಿನಲ್ಲಿ ಕುರ್ಚಿಯಲ್ಲಿ ಕೂತು ಬೇಸರ ತರಿಸುವಂಥದ್ದೇನಾದರೂ ಓದಿ, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ. ಚಿಂತಿಸುವ ಜಾಗ ಹಾಸಿಗೆ ಎಂದು ಮೆದುಳಿಗೆ ರೂಢಿಯಾಗಿದೆ, ಆ ನಂಟು ಬಿಡಿಸಬೇಕು. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿದ್ದರೂ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ಮೊದಲ ಹತ್ತು ದಿನ ಹಗಲಲ್ಲಿ ತೂಕಡಿಕೆ ಬರುತ್ತದೆ, ಹೆಚ್ಚಿನವರು ಇಲ್ಲೇ ಸೋತು ಮಧ್ಯಾಹ್ನ ಮಲಗಿಬಿಡುತ್ತಾರೆ. ಆ ದಿನಗಳಲ್ಲಿ ಬೈಕ್ ಓಡಿಸುವಾಗ ಎಚ್ಚರ.

ಚಿಂತೆಯನ್ನು ಬಿಡು ಎಂದರೆ ಯಾರಿಂದಲೂ ಬಿಡಲಾಗದು. ಮುಂದೂಡಲು ಆಗುತ್ತದೆ. ಸಂಜೆ ಊಟಕ್ಕೆ ಮುಂಚೆ, ದಿನವೂ ಒಂದೇ ಹೊತ್ತು, ಒಂದೇ ಕುರ್ಚಿ, ಇಪ್ಪತ್ತು ನಿಮಿಷ, ಕೈಯಲ್ಲಿ ಕಾಗದ. ಹಗಲಲ್ಲೋ ರಾತ್ರಿಯಲ್ಲೋ ಚಿಂತೆ ಬಂದರೆ ಒಂದು ಪದ ಬರೆದಿಟ್ಟು 'ಸಂಜೆ ಕುರ್ಚಿಯಲ್ಲಿ ನೋಡೋಣ' ಎಂದು ಕೈಲಿದ್ದ ಕೆಲಸಕ್ಕೆ ಮರಳಿ. ಆ ಇಪ್ಪತ್ತು ನಿಮಿಷದಲ್ಲಿ ಕಾಗದದ ನಡುವೆ ಗೆರೆ ಎಳೆದು, ನಾನು ಏನಾದರೂ ಮಾಡಬಹುದಾದದ್ದು ಎಡಕ್ಕೆ, ಮಾಡಲಾಗದ್ದು ಬಲಕ್ಕೆ ಬರೆಯಿರಿ. ಎಡಗಡೆಯದನ್ನು ಮುಂದಿನ ಒಂದು ಹೆಜ್ಜೆಗೆ ಇಳಿಸಬೇಕು. 'ಸಾಲ' ಎಂದು ಬರೆದರೆ ಅದು ಇನ್ನೂ ಚಿಂತೆಯೇ. 'ಸೋಮವಾರ ಹನ್ನೊಂದಕ್ಕೆ ಸಾಲ ವಿಭಾಗದಲ್ಲಿ ಕಂತಿನ ಅವಧಿ ವಿಸ್ತರಿಸಿದರೆ ಬಡ್ಡಿ ಒಟ್ಟು ಎಷ್ಟಾಗುತ್ತದೆ ಎಂದು ಕೇಳುವುದು' ಎಂದರೆ ಅದು ಕೆಲಸ. 'ತಂದೆಗೆ ಏನಾದರೂ ಆದರೆ' ಎಂಬುದು ಬಲಕ್ಕೆ, 'ತಂದೆಯ ಬಿಪಿ ಮಾತ್ರೆ ಮುಗಿಯುವ ದಿನಾಂಕ' ಎಡಕ್ಕೆ. ಬಲಗಡೆಯದನ್ನು ಓದಿ, ಮಡಚಿಟ್ಟು, ಹೊತ್ತು ಮುಗಿದ ಕೂಡಲೇ ಎದ್ದುಬಿಡಿ. ಮೊದಲ ವಾರ ಇದು ಹುಡುಗಾಟದಂತೆ ಅನ್ನಿಸುತ್ತದೆ. ಮೂರನೇ ವಾರದ ಹೊತ್ತಿಗೆ ಬಲಗಡೆ ಬರೆಯಲು ಹೊಸದೇನೂ ಸಿಗದೆ ಬರೆದದ್ದನ್ನೇ ಬರೆಯುತ್ತಿದ್ದರೆ ಅಭ್ಯಾಸ ಹಿಡಿಯುತ್ತಿದೆ ಎಂದು ತಿಳಿಯಿರಿ.

ಹೃದಯದ ಭಯ ನಿಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿರಲು ಕಾರಣವಿದೆ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದ್ದರು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೂ ಹೀಗೇ ಆಗಿತ್ತು. ನಲವತ್ತು ದಾಟಿದವರು ಒಮ್ಮೆ ಪರೀಕ್ಷೆ ಮಾಡಿಸುವುದು ವಿವೇಕವೇ. ಫಲಿತಾಂಶ ಸರಿಯಿದ್ದ ಮೇಲೂ ನಾಡಿ ಹಿಡಿದು ನೋಡುವುದು, ಬಿಪಿ ಯಂತ್ರ ಕಟ್ಟಿಕೊಳ್ಳುವುದು, ರಾತ್ರಿ ಎದೆನೋವಿನ ವಿಡಿಯೋ ಹುಡುಕುವುದು ಮುಂದುವರಿದರೆ ಅದೇ ಆತಂಕಕ್ಕೆ ಮೇವು. ಪ್ರತಿ ಸಲ ನೋಡಿದಾಗ ಅರ್ಧ ಗಂಟೆ ಸಮಾಧಾನ ಸಿಗುತ್ತದೆ, ಹಾಗಾಗಿಯೇ ಮತ್ತೆ ನೋಡಬೇಕೆನಿಸುತ್ತದೆ. ದಿನಕ್ಕೆ ಎಷ್ಟು ಸಲ ನಾಡಿ ನೋಡುತ್ತೀರಿ ಎಂದು ಎಣಿಸಿ, ಪ್ರತಿ ಮೂರು ದಿನಕ್ಕೆ ಅದನ್ನು ಅರ್ಧಕ್ಕಿಳಿಸಿ.

ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅದು ಬಂದಾಗ ಕೂತಲ್ಲೇ ಕೂತು ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಇರಿ, ಓಡಿ ಹೊರಗೆ ಹೋಗಬೇಡಿ. ಓಡಿದ ದಿನ 'ಓಡಿದ್ದರಿಂದಲೇ ಬದುಕಿದೆ' ಎಂಬ ಪಾಠವನ್ನು ಮೆದುಳು ಕಲಿಯುತ್ತದೆ. ಆದರೆ ಈ ಮಾತಿಗೆ ಒಂದು ಗಡಿಯಿದೆ. ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ನೋವು, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಮೆಟ್ಟಿಲು ಹತ್ತುವಾಗ ಬಂದು ನಿಂತರೆ ಕಡಿಮೆಯಾಗುವ ನೋವು, ಇವುಗಳಲ್ಲಿ ಯಾವುದಿದ್ದರೂ ಗಾಬರಿ ಎಂದು ನಿರ್ಲಕ್ಷಿಸದೆ 108ಕ್ಕೆ ಕರೆಮಾಡಿ. ಹಿಂದಿನ ಇಸಿಜಿ ಸರಿಯಿತ್ತು ಎಂಬುದು ಇವತ್ತಿನ ನೋವಿಗೆ ಉತ್ತರವಲ್ಲ.

ಇವೆಲ್ಲವನ್ನೂ ಸ್ವಂತವಾಗಿ ಮಾಡಿ ನೋಡುವವರಿಗೆ ನಾವು ನಾಲ್ಕರಿಂದ ಆರು ವಾರ ಕೊಡುತ್ತೇವೆ. ನಿಮಗೆ ಅಷ್ಟು ಕಾಯಲು ಹೇಳುವುದಿಲ್ಲ, ಆಲ್‌ಪ್ರಜೋಲಾಮ್ ಇಳಿಸಬೇಕಾಗಿರುವುದರಿಂದ ಈ ವಾರವೇ ಮನೋವೈದ್ಯರನ್ನು ಕಾಣಬೇಕು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುವ ದಿನ ಯಾವುದೆಂದು ವಿಚಾರಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಬಂದರೆ ಬೆಳಗಾಗಲೆಂದು ಕಾಯದೆ ಅಲ್ಲಿಗೆ ಕರೆ ಮಾಡಿ, ಮನೆಯಲ್ಲೂ ಒಬ್ಬರಿಗೆ ಹೇಳಿ.

ವೈದ್ಯರು ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಬಗೆಯ, ಆತಂಕ ಮತ್ತು ಖಿನ್ನತೆಗೆ ಕೊಡುವ ಮಾತ್ರೆ ಬರೆದರೆ ಹೆದರಬೇಡಿ. ಅವು ಆಲ್‌ಪ್ರಜೋಲಾಮಿನಂತೆ ಚಟ ಹಿಡಿಸುವುದಿಲ್ಲ. ಮೊದಲ ವಾರ ಹೊಟ್ಟೆ ತೊಳಸಬಹುದು, ಆತಂಕ ತುಸು ಏರಿದಂತೆಯೂ ಅನ್ನಿಸಬಹುದು, ಬಹಳ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಸರಿಹೋದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ನಿಧಾನವಾಗಿ ನಿಲ್ಲಿಸುತ್ತಾರೆ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಇಷ್ಟೇ ಪರಿಣಾಮಕಾರಿ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಹನ್ನೆರಡರ ಸುಮಾರು ಭೇಟಿ. ಬ್ಯಾಂಕಿನಲ್ಲಿ ಗೊತ್ತಾದೀತು ಎಂಬ ಅಳುಕಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ.

ಹೋಗುವಾಗ ಸಿಟ್ಟಿನ ನೋಟ್‌ಬುಕ್, ಇಸಿಜಿ, ಎಕೋ ವರದಿ ಮತ್ತು ನುಂಗುತ್ತಿರುವ ಮಾತ್ರೆಯ ಪಟ್ಟಿ ಕೈಯಲ್ಲಿರಲಿ. ಕುಡಿತ ಎಷ್ಟು ಎಂದು ಕೇಳುತ್ತಾರೆ. ಅರ್ಧ ಮಾಡಿ ಹೇಳಬೇಡಿ, ಮಾತ್ರೆ ಇಳಿಸುವ ಲೆಕ್ಕವನ್ನು ವೈದ್ಯರು ಆ ಉತ್ತರದ ಮೇಲೆಯೇ ಹಾಕುತ್ತಾರೆ. ಸಾಧ್ಯವಾದರೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ.